ಅಳತೆಗೆ ಸಿಗುವ ಕನ್ನಡ

“‘ಅರ್ಥ ಮಾಡಿಕೊಳ್ಳುವರು’ ಅಂತ ಬರೆದಿದ್ದೀರಲ್ಲ ಮೇಡಂ, ಅರ್ಥ ಅಂದ್ರೆ ಎಂತ? ಕಣ್ಣಿಗೆ ಕಾಣ್ತದಾ?” ಎಂದು ಕೇಳಿ ಮುಖೇಶ್ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದ. ಆತ ಆಸ್ಪತ್ರೆಯ ತರಬೇತಿ ವಿಭಾಗದ ಮ್ಯಾನೇಜರ್. ಪಾಠದ ಉದ್ದೇಶ ಬರೆಯುವುದು ಹೇಗೆ ಎಂಬ ಕಾರ್ಯಾಗಾರಕ್ಕೆ ಈಚೆಗೆ ಹೋಗಿ ಬಂದಿದ್ದ. ಅಳೆಯಲು ಬಾರದ್ದು ಲೋಕದಲ್ಲಿ ಇರಲೇಬಾರದು ಎಂಬ ಜ್ಞಾನೋದಯ ಅವನಿಗೆ ಅಲ್ಲಿಯೇ, ಮಧ್ಯಾಹ್ನದ ಊಟಕ್ಕೆ ಮೊದಲೇ ಆಗಿತ್ತು.

ಕೇರಳದಿಂದ ಬಂದ ಹೊಸ ನರ್ಸ್‌ಗಳಿಗೆ ಕನ್ನಡ ಕಲಿಸುವ ಭವ್ಯಶ್ರೀ ಸುಮ್ಮನಿರಲಿಲ್ಲ. “ಸರ್, ಪೇಷಂಟ್ ಹೇಳಿದ್ದು ಅರ್ಥ ಆಗದಿದ್ರೆ ಕನ್ನಡ ಕಲಿತು ಎಂತ ಪ್ರಯೋಜನ?”

“ಅದು ನಿಮ್ಮ ಭಾವನೆ. ಬರೆಯಿರಿ: ‘ಪಾಠದ ಕೊನೆಗೆ ನರ್ಸ್ ನಗುಮುಖದಿಂದ, ತಡವರಿಸದೆ, ನಿಮಗೆ ಎಲ್ಲಿ ನೋವು ಉಂಟು ಎಂದು ಕೇಳಬಲ್ಲರು.’ ಕೇಳಿದ್ರೆ ಟಿಕ್, ಕೇಳದಿದ್ರೆ ಕ್ರಾಸ್. ಬುಧವಾರ ದಿಲ್ಲಿಯಿಂದ ಪರಿಶೀಲನೆಗೆ ಬರ್ತಾರೆ. ಅವರಿಗೆ ಖುಷಿ ಆದ್ರೆ ನಿಮ್ಮ ಕೆಲಸವೂ ಪರ್ಮನೆಂಟ್.”

ಭವ್ಯಶ್ರೀ ಬರೆದಳು. ಹೊಟ್ಟೆಪಾಡಿನ ಮುಂದೆ ಯಾವ ಕ್ರಿಯಾಪದ ತಾನೇ ನಿಂತೀತು? ಅಂದಿನಿಂದ ಆಸ್ಪತ್ರೆಯ ಮೂಲೆಮೂಲೆಯಲ್ಲೂ ನೋವು ಎಲ್ಲಿ ಉಂಟೆಂಬ ಪ್ರಶ್ನೆಯ ಪಾರಾಯಣ. ಜಿನ್ಸಿ ಎಂಬ ನರ್ಸ್ ಮಾತ್ರ ತರಗತಿಯಲ್ಲಿ ಮತ್ತೆ ಮತ್ತೆ ಕೈ ಎತ್ತುತ್ತಿದ್ದಳು: “ಮೇಡಂ, ಪೇಷಂಟ್ ವಾಪಸ್ ಮಾತಾಡಿದ್ರೆ? ಅದು ಯಾವ ಪಾಠ?” ಅದು ಉದ್ದೇಶದಲ್ಲಿ ಇಲ್ಲ ಎಂದು ಹೇಳುವಾಗ ಭವ್ಯಶ್ರೀಗೆ ನಾಚಿಕೆಯಾಗುತ್ತಿತ್ತು.

ಬುಧವಾರ ದಿಲ್ಲಿಯ ಅತಿಥಿಗಳು ನಂತೂರು ವೃತ್ತದಲ್ಲಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡು ತಡವಾಗಿ ಬಂದರು. ಆ ಹೊತ್ತನ್ನು ಮುಖೇಶ್ ಹಾಳು ಮಾಡಲಿಲ್ಲ. ಪ್ರದರ್ಶನಕ್ಕೆ ಬೆಂಗ್ರೆಯ ತುಕ್ರಜ್ಜನನ್ನು ಆರಿಸಿದ. ದೋಣಿಯಲ್ಲೇ ಆಯುಸ್ಸು ಕಳೆದ, ಯಾರಿಗೂ ಎದುರಾಡದ ಜೀವ; ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದ. ವೀಡಿಯೋ ಚಂದ ಬರಲೆಂದು ಮುಖೇಶ್ ಅವನಿಗೆ ಗಲ್ಲದವರೆಗೆ ಬಿಳಿ ಚಾದರ ಹೊದಿಸಿದ. ಡ್ರಿಪ್ ಹಾಕಿದ ಕೈಯೂ ಚಾದರದೊಳಗೆ ಹೋಯಿತು.

ಕ್ಯಾಮೆರಾ ಶುರುವಾಯಿತು. ಜಿನ್ಸಿ ಮುಂದೆ ಬಂದು, ನಕ್ಕು, ಒಂದಕ್ಷರ ತಪ್ಪದೆ ಕೇಳಿದಳು: “ನಿಮಗೆ ಎಲ್ಲಿ ನೋವು ಉಂಟು?” ಮುಖೇಶ್ ಟಿಕ್ ಹಾಕಿದ. ಅತಿಥಿಗಳು ತಲೆದೂಗಿದರು.

“ಹೊಟ್ಟೆಯಲ್ಲಿ ಅಲ್ಲ ಸಿಸ್ಟರ್, ಕೈಯಲ್ಲಿ” ಎಂದ ತುಕ್ರಜ್ಜ. “ಆ ಸೂಜಿ ಹಾಕಿದಲ್ಲಿ ಬೆಂಕಿ ಬಿದ್ದ ಹಾಗೆ ಉರೀತಾ ಉಂಟು. ದೇವೆರೇ, ಸ್ವಲ್ಪ ನೋಡಿ ಮಗಾ.”

ಜಿನ್ಸಿಯ ನಗು ಮಾಸಿತು. ಅವನ ಮುಖ ನೋಡಿ ಏನೋ ಸರಿಯಿಲ್ಲ ಅನಿಸಿತು, ಏನೆಂದು ತಿಳಿಯಲಿಲ್ಲ. ಅವಳು ಭವ್ಯಶ್ರೀಯತ್ತ ನೋಡಿದಳು. ಮುಖೇಶ್ ಮುಂದಿನ ಮಂಚಕ್ಕೆ ಹೋಗು ಎಂದು ಕೈಸನ್ನೆ ಮಾಡುತ್ತಿದ್ದ. ಭವ್ಯಶ್ರೀಯ ಕಣ್ಣ ಮುಂದೆ ಪರ್ಮನೆಂಟ್ ಕೆಲಸ ಒಂದು ಗಳಿಗೆ ಸುಳಿಯಿತು. ಮರುಗಳಿಗೆ ಅವಳು ಕೂಗಿಯೇ ಬಿಟ್ಟಳು: “ಜಿನ್ಸಿ, ಕೈ! ಹ್ಯಾಂಡ್ ನೋಡು!”

ಚಾದರ ಸರಿಸಿದರೆ ಕೈ ಎಣ್ಣೆಗೆ ಬಿಟ್ಟ ಬನ್ಸ್‌ನಂತೆ ಉಬ್ಬಿತ್ತು. ಔಷಧ ನರದೊಳಗೆ ಹೋಗದೆ ಮಾಂಸಕ್ಕೆ ಇಳಿಯುತ್ತಿತ್ತು. ಜಿನ್ಸಿ ಡ್ರಿಪ್ ನಿಲ್ಲಿಸಿ, ಸೂಜಿ ತೆಗೆದು, ಕೈಯನ್ನು ದಿಂಬಿನ ಮೇಲಿಟ್ಟು ಡಾಕ್ಟರನ್ನು ಕರೆಯಲು ಓಡಿದಳು. ಇದಕ್ಕೆಲ್ಲ ಟಿಕ್ ಹಾಕುವ ಜಾಗ ಇರಲಿಲ್ಲ.

“ಎಂತ ಮಾರಾಯ್ರೆ, ನೂರಕ್ಕೆ ನೂರು ಆಗ್ತಿತ್ತು!” ಮುಖೇಶ್ ಭವ್ಯಶ್ರೀಯ ಕಿವಿಯಲ್ಲಿ ಹಲ್ಲು ಕಡಿದ. “ನರ್ಸ್‌ದು ತಪ್ಪಿಲ್ಲ, ಪೇಷಂಟ್‌ದೇ ತಪ್ಪು. ಅವನಿಗೆ ಉತ್ತರ ಕೊಡ್ಲಿಕ್ಕೆ ಹೇಳಿದ್ದು ಯಾರು?”

ಭವ್ಯಶ್ರೀಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಅವನು ಆಗಲೇ ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ನಗಿಸಿ, ತುಕ್ರಜ್ಜನ ಮಂಚಕ್ಕೆ ಬಗ್ಗಿದ್ದ. “ಅಜ್ಜ, ವೀಡಿಯೋ ಇನ್ನೊಮ್ಮೆ ತೆಗೀಬೇಕು. ಈ ಸಲ ನಾನೇ ಕೇಳ್ತೇನೆ. ನೀವು ‘ಎಂತ ಇಲ್ಲ’ ಅಂತ ಹೇಳಿ, ಸಾಕು. ಇದು ಬೇಗ ಮುಗಿದ್ರೆ ಇವರೆಲ್ಲ ಹೋಗ್ತಾರೆ, ಡಾಕ್ಟರಿಗೆ ನಿಲ್ಲಲಿಕ್ಕೆ ಜಾಗ ಆಗ್ತದೆ.”

“ಸರ್, ಅವರಿಗೆ ತಡೆಯಲಿಕ್ಕೆ ಆಗ್ತಾ ಇಲ್ಲ” ಎಂದಳು ಭವ್ಯಶ್ರೀ. ಯಾರೂ ಕೇಳಿಸಿಕೊಳ್ಳಲಿಲ್ಲ. ಚಾದರ ಮತ್ತೆ ಗಲ್ಲಕ್ಕೆ ಏರಿತು.

“ನಿಮಗೆ ಎಲ್ಲಿ ನೋವು ಉಂಟು?” ಮುಖೇಶ್ ನಗುತ್ತ ಕೇಳಿದ.

ತುಕ್ರಜ್ಜ ತುಟಿ ಕಚ್ಚಿಕೊಂಡ. ಕಣ್ಣಿಂದ ನೀರು ಇಳಿದು ಕಿವಿಗೆ ಸೇರುತ್ತಿತ್ತು. ಕ್ಯಾಮೆರಾವನ್ನೇ ನೋಡುತ್ತ, ಸ್ಪಷ್ಟವಾಗಿ ಹೇಳಿದ: “ಎಂತ ಇಲ್ಲ.”

ಅತಿಥಿಗಳು ಚಪ್ಪಾಳೆ ತಟ್ಟಿದರು. ಮುಖೇಶ್ ಹೆಮ್ಮೆಯಿಂದ ಭವ್ಯಶ್ರೀಯ ಕಡೆಗೆ ತಿರುಗಿದ.

“ನೋಡಿದ್ರಾ ಮೇಡಂ? ಅಜ್ಜ ಒಂದೇ ಸಲಕ್ಕೆ ಕಲಿತರು.”