ಎಲ್ಲಿ ಬೇರು ಬಿಡುವುದು

ಅರವತ್ತು ದಾಟಿದವರು ಮಣ್ಣಿನ ಮೇಲೆ ಬರಿಗಾಲಲ್ಲಿ ತುಸು ಹೊತ್ತು ನಿಂತರೆ ಸಾಕು, ಅಂಗಾಲಿನಿಂದ ಬೇರು ಇಳಿಯುತ್ತಿತ್ತು. ಹಾಗಾಗಿ ನಿವೃತ್ತರಾದವರೆಲ್ಲ ದಪ್ಪ ಚಪ್ಪಲಿ ಮೆಟ್ಟಿಕೊಂಡೇ ಹಳ್ಳಿ ಹಳ್ಳಿ ಸುತ್ತಿ, ಕೊನೆತನಕ ನಿಲ್ಲಲು ಜಾಗ ನೋಡುತ್ತಿದ್ದರು. ನರ್ಸ್ ಆಗಿದ್ದ ವಿಶಾಲಾಕ್ಷಿ, ಅಂಕೋಲೆಯ ಕಡಲ ಬದಿಯಲ್ಲಿ ತಂಗಿ ಬೇರುಬಿಟ್ಟಿದ್ದ ಹಿತ್ತಲನ್ನೇ ಗೊತ್ತು ಮಾಡಿಕೊಂಡು ಗಂಡ ಗುರುಪಾದಪ್ಪನೊಡನೆ ಹೊರಟಿದ್ದಳು. ಕಲಘಟಗಿ ದಾಟಿದ ಮೇಲೆ ದಾರಿ ಬದಿಯ ಬಯಲಿನಲ್ಲಿ ಬುತ್ತಿ ಬಿಚ್ಚಿದರು.

ಆಕೆ ಕೈತೊಳೆದು ಬರುವಷ್ಟರಲ್ಲಿ ಗಂಡ ಬರಿಗಾಲಲ್ಲಿ ನಿಂತಿದ್ದ.

"ಏನ್ ಮಾಡಾಕತ್ತೀರಿ? ಕಾಲು ಎತ್ರಿ."

"ಮುಳ್ಳು ತಗ್ಯಾಕ ಚಪ್ಪಲಿ ಬಿಚ್ಚಿದ್ದೆ. ಮಣ್ಣು ತಂಪನಿಸ್ತು, ಹಂಗ ನಿಂತೆ. ಈಗ ಎತ್ತಾಕ ಬರವಲ್ದು."

ಆಕೆ ಮಂಡಿಯೂರಿ ಮಣ್ಣು ಕೆದಕಿದಳು. ಹಿಮ್ಮಡಿಯ ಸುತ್ತ ಬಿಳಿ ಎಳೆಗಳು ಇಳಿದಿದ್ದವು. ಈಗಲೇ ಕೊಯ್ದರೆ ಕಾಲು ಉಳಿಯುತ್ತದೆ. ಬಲಿತ ಮೇಲೆ ಕೊಯ್ದರೆ ಜೀವಕ್ಕೇ ಸಂಚಕಾರ. ಚೀಲದಿಂದ ಚಾಕು ತೆಗೆದಳು.

"ಕೊಯ್ಲೇನ್ರಿ?"

"ಕೊಯ್ಯಿ. ನಿನಗ ಸಮುದ್ರ ಬೇಕಲ್ಲ."

ಮೊದಲ ಎಳೆ ಕತ್ತರಿಸಿದಾಗ ಆತ ಬಯಲನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ. ಎರಡನೆಯದಕ್ಕೆ ಚಾಕು ತಾಗಿಸಿದವಳು ಹಾಗೇ ತಡೆದಳು. ತನಗೆ ವರ್ಗವಾದ ಊರಿಗೆಲ್ಲ ಗಂಟುಮೂಟೆ ಹೊತ್ತು ಹಿಂದೆ ಬಂದವನು. ಎಲ್ಲಿಯೂ ಇಲ್ಲೇ ಇರೋಣ ಎಂದವನಲ್ಲ.

ಆಕೆ ಚಾಕು ಒಳಗಿಟ್ಟು ತಂಗಿಗೆ ಫೋನು ಮಾಡಿ, "ನನ್ನ ದಾರಿ ಕಾಯಬ್ಯಾಡವ್ವ" ಎಂದಳು. ಆಮೇಲೆ ಚಪ್ಪಲಿ ಬಿಟ್ಟಳು.

"ಬಾ, ಮಗ್ಗಲಕ ನಿಲ್ಲು," ಎಂದ ಗುರುಪಾದಪ್ಪ.

"ಮಗ್ಗಲಕ ಬ್ಯಾಡ. ಎದುರಿಗೆ ನಿಲ್ತೀನಿ. ನಿಮ್ಮ ಮುಖ ಕಾಣಬೇಕು ನನಗ."