ವಾಡೆಯ ಬೀಸುಕಲ್ಲು

ಗಿರಣಿಯಿಂದ ತಂದ ಬಿಸಿ ಜೋಳದ ಹಿಟ್ಟಿನ ವಾಸನೆ ಬಂದರೆ ಇವತ್ತಿಗೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನವಲಗುಂದದ ಹಳೇ ಪೇಟೆಯಲ್ಲಿದ್ದ ಜಮೀನ್ದಾರರ ದೊಡ್ಡ ಮನೆಯನ್ನು, ಆ ವಾಡೆಯನ್ನು, ಮ್ಯೂಸಿಯಂ ಮಾಡಿದ್ದರು. ಹರೆಯದಲ್ಲಿ ಅಲ್ಲಿ ಬೀಸುವ ಕೆಲಸಕ್ಕಿದ್ದ ಅಜ್ಜಿ ನನ್ನನ್ನು ಕರೆದುಕೊಂಡು ಹೋದಳು. ಟಿಕೆಟ್ ತೆಗೆಸಿ, ನನ್ನ ಕೈಹಿಡಿದು ಸೀದಾ ಹಿತ್ತಲ ಬಾಗಿಲಿಗೆ ನಡೆದಳು.

"ಯಮ್ಮಾ, ಮುಂದಿನ ಬಾಗಲದಿಂದ ಬರ್ರಿ!" ಎಂದು ಕಾವಲುಗಾರ ಕೂಗಿ ಕರೆದ.

ಒಳಗೆ ಕತ್ತಿ, ಪಲ್ಲಕ್ಕಿ ಯಾವುದನ್ನೂ ಅವಳು ನೋಡಲಿಲ್ಲ. ಅಡುಗೆಮನೆಯ ಬೀಸುಕಲ್ಲಿನ ಮುಂದೆ ಕುಳಿತು, ಸೆರಗಿನಿಂದ ಧೂಳು ಒರೆಸಿ, ಗೂಟ ಹಿಡಿದಳು.

"ನೋಡವಾ, ಇದು ನನ್ನ ಕೈಯಾಗ ಸವದದ್ದು."

ಪಕ್ಕದ ಹಲಗೆಯ ಮೇಲೆ 'ಮುಟ್ಟಬಾರದು' ಎಂದಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ.

"ಏನಂತ ಬರದಾರ?" ಎಂದು ಕೇಳಿದಳು.

"ನಿನ್ನ ಹೆಸರ ಬರದಾರಬೇ," ಎಂದೆ.

ಅಜ್ಜಿ ಆ ಹಲಗೆಯನ್ನೂ ಸೆರಗಿನಿಂದ ಮೆಲ್ಲಗೆ ಒರೆಸಿದಳು.