ಕೆಂಪು ಬಾಣ

ನರ್ಸ್ ಮೂಗಿನ ಮೇಲಿನ ಕೊನೆಯ ಪಟ್ಟಿಯನ್ನೂ ಬಿಡಿಸಿ ಕೈಗನ್ನಡಿ ಹಿಡಿದಾಗ ಧರಣಿ ಕಣ್ಣು ಮುಚ್ಚಿಕೊಂಡಿದ್ದಳು. ಅಜ್ಜಿಯ ಕಥೆಯ ರಾಜಕುಮಾರಿ ಏಳನೆಯ ಬೀಗವನ್ನೂ ತೆಗೆದು ಬಯಲಿಗೆ ಬಂದ ಹಾಗೆ, ತಾನೂ ಈ ಗಿಣಿಮೂಗಿನಿಂದ ಬಿಡುಗಡೆಯಾಗುತ್ತೇನೆ ಎಂದುಕೊಂಡೇ ಅವಳು ಕೊಯಮತ್ತೂರಿನ ಈ ಆಸ್ಪತ್ರೆಗೆ ಮೂಗಿನ ಆಪರೇಷನ್ನಿಗೆ ಬಂದಿದ್ದು.

“ನೋಡು, ನನ್ನ ಕಣ್ಣು,” ಎಂದಳು ಅಮ್ಮ ಬೆಳ್ಳಿಯಮ್ಮ. “ಬನಿಯನ್ ಕಂಪನೀಲಿ ದಿನಾ ಸಾವಿರ ಪೀಸು ಚೆಕ್ ಮಾಡೋಳಿಗೆ ಒಂದು ಮೂಗು ನೋಡಕ್ಕೆ ಭಯವಾ? ಪಾಸಾ, ಫೇಲಾ, ಸೊಲ್ಲು!”

ಧರಣಿ ಕಣ್ಣು ತೆರೆದಳು. ಮೂಗು ಅವಳು ಕೇಳಿದ್ದಂತೆಯೇ ನೇರವಾಗಿತ್ತು. “ಪಾಸು,” ಎಂದಳು. ಅಮ್ಮ ನಕ್ಕಳು. ಆದರೆ ತಿರುಪ್ಪೂರಿನ ಚೆಕಿಂಗ್ ಟೇಬಲ್ಲಿನ ಮುಂದೆ ಆರು ವರ್ಷ ಪಳಗಿದ ಕಣ್ಣು ಅಲ್ಲಿಗೇ ನಿಲ್ಲಲಿಲ್ಲ. ಹೊಲಿಗೆ ತಪ್ಪಿದ ಕಡೆಯೆಲ್ಲ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವ ಹೆಬ್ಬೆರಳು ಮೆಲ್ಲಗೆ ಕೆಳಗಿಳಿದು ಗದ್ದದ ಮೇಲೆ ಒತ್ತಿ ನಿಂತಿತು. “ಈ ಗದ್ದ ಮೊದಲೇ ಇಷ್ಟು ಒಳಕ್ಕೆ ಹೋಗಿತ್ತಾ ಅಮ್ಮಾ?”

ಅಮ್ಮನ ನಗು ಅರ್ಧಕ್ಕೇ ನಿಂತಿತು. ಈ ಗದ್ದ ಯಾರಿಂದ ಬಂತೆಂದು ನೋಡಲು ಧರಣಿ ಅವಳ ಕಡೆ ತಿರುಗಿದಳು. ಅಮ್ಮನ ಗದ್ದ, ತುಟಿ, ಅದೇ ಹಳೆಯ ಗಿಣಿಮೂಗು, ಒಂದೊಂದರ ಮೇಲೂ ಮಗಳ ಕಣ್ಣು ತಡೆದು ತಡೆದು ಹೋಯಿತು. ಸಾಕು, ನಿಲ್ಲು ಎಂದು ತನಗೆ ತಾನೇ ಹೇಳಿಕೊಂಡರೂ ಅದು ನಿಲ್ಲಲಿಲ್ಲ. ಐವತ್ತು ವರ್ಷ ಆ ಮೂಗಿಗೆ ಮೂಗುಬೊಟ್ಟಿಟ್ಟು ಮೆರೆದಿದ್ದ ಬೆಳ್ಳಿಯಮ್ಮ, ಸೆರಗೆಳೆದು ಮುಖ ಮುಚ್ಚಿಕೊಂಡಳು.